ಹಿತ್ತಲಲ್ಲಿ ಹಳೇ ಹಗೇವು (ನೆಲದೊಳಗೆ ಕಾಳು ಹೂಳಿಡುವ ಗುಳಿ) ಸಿಕ್ಕಿದೆ, ಕಷ್ಟಕಾಲಕ್ಕೆ ಅಂತ ಮತ್ತೆ ರಾಗಿ ತುಂಬಬಹುದಾ?

ತುಂಬಬೇಡಿ. ಹಿಂದೆ ಹಗೇವು ಮನೆಗಳನ್ನು ಕಾಪಾಡುತ್ತಿತ್ತಾ ಅಂತಲೂ ಕೇಳಿದ್ದೀರಿ. ಕಾಪಾಡುತ್ತಿತ್ತು, ಆದರೆ ತುಂಬಲು ರಾಗಿ ಇದ್ದವರನ್ನು.

ನಮ್ಮದು ನಾಗಮಂಗಲದ ಕಡೆ, ಮಳೆ ನಂಬಿದ ಹೊಲ. ಗಟ್ಟಿ ನೆಲ ನೋಡಿ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಸುತ್ತ ಒಣಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ಸುರಿದು, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ರಾಗಿ ಸಣ್ಣ ಕಾಳು, ಒತ್ತಾಗಿ ಕೂರುತ್ತದೆ. ಒಳಗೆ ಉಳಿದ ಆಮ್ಲಜನಕ ಕಾಳು, ಹುಳಗಳ ಉಸಿರಾಟಕ್ಕೇ ಖರ್ಚಾಗುವುದರಿಂದ ಹುಳ ಬದುಕುವುದಿಲ್ಲ. ವರ್ಷಗಟ್ಟಲೆ ಇಟ್ಟರೂ ಕೆಡುತ್ತಿರಲಿಲ್ಲ. ಗೋಡೆಗೆ ತಾಗಿದ ರಾಗಿ ಮಾತ್ರ ಮುಗ್ಗಲು ಹಿಡಿಯುತ್ತಿತ್ತು. ಆ ಮುದ್ದೆಯ ವಾಸನೆ ಎಷ್ಟು ಉಪ್ಪುಸಾರು ಸುರಿದರೂ ಹೋಗಲ್ಲ.

ನನ್ನ ಪ್ರಕಾರ ಹಗೇವಿನ ಅಸಲಿ ಬಲ ಇದ್ದದ್ದು ಅದನ್ನು ತೆಗೆಯುವ ತಾಪತ್ರಯದಲ್ಲಿ. ಮಣ್ಣು ಬಗೆಯಬೇಕು, ಚಪ್ಪಡಿ ಎತ್ತಲು ಜನ ಬೇಕು, ತೆಗೆದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಹಬ್ಬಕ್ಕೆ ಸೀರೆ ಬೇಕು ಅಂತ ಸುಮ್ನೆ ಯಾರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ದಿನದ ಖರ್ಚಿಗೆ ಮನೆಯೊಳಗೆ ವಾಡೆ, ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ಇರುತ್ತಿತ್ತು. ರೇಟು ಬಿದ್ದ ವರ್ಷ ಮಾರದೆ ಹಗೇವಿಗೆ ಹಾಕುವುದು, ಮಳೆ ಕೈಕೊಟ್ಟ ವರ್ಷ ತೆಗೆಯುವುದು. ಇಲ್ಲದವರು ಇದ್ದವರ ಬಾಗಿಲಿಗೆ ಹೋಗಿ ರಾಗಿ ಸಾಲ ತರುತ್ತಿದ್ದರು. ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ರಾಗಿಯನ್ನೇ ಅಳೆದು ಕೊಡಬೇಕಿತ್ತು. ಹಳೇ ಕಾಲ ಅಂತ ಹೊಗಳುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಸಾಲುಸಾಲಾಗಿ ಮಳೆ ತಪ್ಪಿದರೆ ಹಗೇವೂ ಬರಿದಾಗುತ್ತದೆ ಅಲ್ವಾ? 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ನಡುವೆ ಬಂದದ್ದು 1876-78ರ ಬರ.

ಆಮೇಲೆ ಕನ್ನಂಬಾಡಿ ಕಟ್ಟೆ ಆಯಿತು. ಮಂಡ್ಯ, ಮದ್ದೂರು ಕಡೆ ನಾಲೆ ನೀರು ಹರಿದು ಭತ್ತ, ಕಬ್ಬು ಬಂತು. ಶೀತ ಹಿಡಿದ ನೆಲದಲ್ಲಿ ರಾಗಿ ಹೂಳಲು ಆಗುತ್ತದಾ? ಒಣ ಸೀಮೆಯಲ್ಲೂ ರೇಷನ್ ಅಂಗಡಿ ಬಂದ ಮೇಲೆ ಅದರ ಅಗತ್ಯ ಕಮ್ಮಿಯಾಯಿತು.

ಈಗ ನಿಮ್ಮ ಹಗೇವಿಗೆ ಬರೋಣ. ದಯವಿಟ್ಟು ಒಳಗೆ ಇಳಿಯಬೇಡಿ. ಮುಚ್ಚಿದ ಗುಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ತಳದಲ್ಲೇ ನಿಲ್ಲುತ್ತದೆ. ಇಳಿದವರು ಕೂಗುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಲಾಟೀನು ಇಳಿಸಿ ನೋಡುತ್ತಿದ್ದರು. ದೀಪ ಉರಿದರೂ ನಾನಂತೂ ಇಳಿಯಲ್ಲ. ಮನೆಗೆ ಬೇಕಾದ ರಾಗಿಯನ್ನು ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ತಗಡಿನ ಡ್ರಮ್ಮಿಗೆ ಹಾಕಿಡಿ. ಚಪ್ಪಡಿ ಸಡಿಲವಾಗಿದ್ದರೆ ಮಕ್ಕಳು, ದನ ಬೀಳುವ ಮೊದಲು ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ ಮುಚ್ಚಿಸಿಬಿಡಿ.