ಅಲ್ಲಿ 30 ಸೆಕೆಂಡ್, ಇಲ್ಲಿ 24

ಪ್ರಶ್ನೆ: ಸರ್, ಮಗ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದಾನೆ. ಫೋನಲ್ಲಿ ಸದಾ ಅಮೆರಿಕದ ಕಾಲೇಜು ಮ್ಯಾಚುಗಳೇ. ಅವರ ಸೀಸನ್ ತಿಂಗಳುಗಟ್ಟಲೆ ನಡೆಯುತ್ತದಂತೆ. ಇವನದ್ದು ಒಂದೇ ಮ್ಯಾಚಿಗೆ ಮುಗಿಯಿತು! ಅದನ್ನೆಲ್ಲ ನೋಡಿ ಇವನಿಗೇನು ಉಪಯೋಗ?
— ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಉಪಯೋಗ ಇದೆ ಅಮ್ಮಾ, ಸ್ವಲ್ಪ ನೋಡಿಕೊಂಡು ಕಲಿಯಬೇಕು ಅಷ್ಟೇ. ಅಲ್ಲಿ ನವೆಂಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ಆಟ. ಸೋತರೆ ಹೊರಗೆ ಎನ್ನುವ ನಾಕೌಟ್ ಮಾರ್ಚ್‌ಗೆ ಬರುತ್ತದೆ, ಅಷ್ಟರಲ್ಲಿ ಸೋತು ಗೆದ್ದು ಹುಡುಗರು ಹದವಾಗಿರುತ್ತಾರೆ. ನಾಕೌಟ್‌ನಿಂದಲೇ ಶುರುವಾದರೆ ಮೊದಲ ದಿನವೇ ಜರ್ಸಿ ಒಗೆದು ಮಡಚಿಡಬೇಕು.

ನಿಯಮವೂ ಬೇರೆ. ಅಲ್ಲಿ ಗಂಡುಮಕ್ಕಳ ಆಟದಲ್ಲಿ ಬಾಲ್ ಸಿಕ್ಕಮೇಲೆ ಶಾಟ್‌ಗೆ 30 ಸೆಕೆಂಡ್, ಅರ್ಧ ಕೋರ್ಟ್ ದಾಟಲು 10. ಇಲ್ಲಿ ನಾವು ಆಡುವುದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮ: 24 ಮತ್ತು 8. ಟಿವಿ ನೋಡಿದ ಪಾಯಿಂಟ್ ಗಾರ್ಡ್‌ಗಳು (ಬಾಲ್ ಮುಂದೆ ತಂದು ಆಟ ನಡೆಸುವವರು) ಮಧ್ಯದ ಗೆರೆ ಹತ್ತಿರ ಸುಮ್ನೆ ಟಪಟಪ ಡ್ರಿಬಲ್ ಮಾಡುತ್ತಾ ಕೋಚ್ ಮುಖ ನೋಡ್ತಾರೆ. ನನಗೆ ಜಾಸ್ತಿ ಸಿಟ್ಟು ಬರೋದೇ ಅದಕ್ಕೆ! ಕೋರ್ಟಲ್ಲಿ ಗಡಿಯಾರ ಇಲ್ಲದಿದ್ದರೆ ಫೋನಲ್ಲಿ 24 ಸೆಕೆಂಡ್ ಟೈಮರ್ ಇಟ್ಟು ಆಡಲಿ. ಮಳೆ ಬಂದ ಸಂಜೆ ಮಾತ್ರ ಬೇಡ. ನಮ್ಮೂರ ಸಿಮೆಂಟ್ ಕೋರ್ಟ್ ಒದ್ದೆಯಾದರೆ ಪಾದ ತಿರುಚುವುದು ಗ್ಯಾರಂಟಿ. ಅವತ್ತು ಬೇಕಾದರೆ ಅಮೆರಿಕದ ಮ್ಯಾಚ್ ನೋಡಲಿ ಬಿಡಿ.