ಹೋಂಸ್ಟೇ ಹೇಗೆ ಓಡುತ್ತೆ?

ಮಗಳ ಪಾಠದಲ್ಲಿ 'ಶಿ ರನ್ಸ್ ಎ ಹೋಂಸ್ಟೇ' ಅಂತ ಇದೆ, ರನ್ ಅಂದ್ರೆ ಓಡು ಅಲ್ವಾ, ಹೋಂಸ್ಟೇ ಹೇಗೆ ಓಡುತ್ತೆ ಅಂತ ಕೇಳಿದ್ದೀರಿ. ಅಲ್ಲಿ ರನ್ ಅಂದ್ರೆ ನಡೆಸು. ನಮ್ಮ ಮಾತನ್ನೇ ನೋಡಿ, 'ನಡೆಸು' ಬಂದಿರೋದು ಕಾಲಲ್ಲಿ ನಡೆಯೋ 'ನಡೆ'ಯಿಂದಲೇ. ನಾವು ನಡೆಸ್ತೀವಿ, ಇಂಗ್ಲಿಷಿನವರು ಓಡಿಸ್ತಾರೆ. ಸಿನಿಮಾ ನೂರು ದಿನ ಓಡಿತು ಅಂತ ನಾವೂ ಹೇಳ್ತೀವಲ್ಲ!

ಆಕ್ಸ್‌ಫರ್ಡ್ ದೊಡ್ಡ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೆ 645 ಅರ್ಥ ಲೆಕ್ಕ ಹಾಕಿದ್ದಾರೆ. ಮಗು ಅಷ್ಟನ್ನೂ ಬಾಯಿಪಾಠ ಮಾಡೋದು ಬೇಡ. ನಿಲ್ಲದೆ ಸಾಗುತ್ತಾ ಇರೋದು ಅನ್ನೋ ಒಂದು ಎಳೆ ಹಿಡಿದರೆ ಜಾಸ್ತಿ ಅರ್ಥ ತಾನಾಗೇ ಬಿಚ್ಚಿಕೊಳ್ಳುತ್ತೆ. ಭಾಗಮಂಡಲದಿಂದ ಕೆಳಗೆ ಕಾವೇರಿ ಹರಿಯೋದು ರನ್, ಮಡಿಕೇರಿ-ವಿರಾಜಪೇಟೆ ಬಸ್ಸು ಓಡಾಡೋದು ರನ್, ಕಾಫಿ ಕೊಯ್ಲಿನ ಹೊತ್ತಲ್ಲಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರ ತಿರುಗೋದು ರನ್, ಮಳೆಗಾಲದಲ್ಲಿ ಮಕ್ಕಳ ಮೂಗು ಸೋರೋದೂ ರನ್ನೇ. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಪದ ಇದೆ, ಅದಕ್ಕೇ ಗೊಂದಲ.

ನಿಜವಾಗಿ ಕಷ್ಟ ಕೊಡೋದು ಜೊತೆಗೆ ಇನ್ನೊಂದು ಪದ ಸೇರಿದಾಗ. 'ರನ್ ಔಟ್ ಆಫ್ ಶುಗರ್' ಅಂದ್ರೆ ಸಕ್ಕರೆ ಮುಗೀತು. 'ರನ್ ಇಂಟು' ಅಂದ್ರೆ ಸಂತೆಯಲ್ಲಿ ಯಾರೋ ಪರಿಚಯದವರು ಅಚಾನಕ್ಕಾಗಿ ಸಿಕ್ಕರು. ಇವನ್ನು ಮಾತ್ರ ಇಡೀ ವಾಕ್ಯವಾಗಿಯೇ ಕಲಿಸಿ, ಬಿಡಿಸಿ ಅರ್ಥ ಹೇಳಬೇಡಿ.

ಇನ್ನೊಂದು, ನಿನ್ನೆ ಓಡಿದ್ದು 'ರ್‍ಯಾನ್', ಆದರೆ 'ಹ್ಯಾವ್' ಬಂದರೆ ಮತ್ತೆ 'ರನ್'. ಪರೀಕ್ಷೆಯಲ್ಲಿ ಮಕ್ಕಳು ಇಲ್ಲೇ ತಪ್ಪೋದು.