ರಿಬ್ಬನ್ ಯುವಿ ಬೆಳಕಿಗೆ ಹೊಳೆಯಲಿಲ್ಲ ಅಂದಮಾತ್ರಕ್ಕೆ ಪದಕ ಅಸಲಿಯೇ?

ಕಲೋನ್‌ನ ಹಳೇ ಸಾಮಾನಿನ ಸಂತೆಯಲ್ಲಿ 1939ರ ಎರಡನೇ ದರ್ಜೆಯ ಐರನ್ ಕ್ರಾಸ್, ಅಂದರೆ ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿ ಸೈನಿಕರಿಗೆ ಕೊಡುತ್ತಿದ್ದ ಪದಕ, ನೋಡಿದ್ದೀರಿ. ಮಾರುವವನು ಯುವಿ (ಅತಿನೇರಳೆ) ಟಾರ್ಚ್ ಬಿಟ್ಟು, "ರಿಬ್ಬನ್ ಹೊಳೆಯುತ್ತಿಲ್ಲ, ಅಂದಮೇಲೆ ಇಡೀ ಪದಕ ಯುದ್ಧಕಾಲದ್ದೇ" ಅಂದನಂತೆ. ನಂಬಬಹುದೇ ಅಂತ ಕೇಳಿದ್ದೀರಿ. ಅಷ್ಟನ್ನೇ ನೆಚ್ಚಿ ದುಡ್ಡು ಕೊಡಬೇಡಿ. ಅವನು ಮೋಸಗಾರ ಅಂತ ಹೇಳುತ್ತಿಲ್ಲ, ಆ ಪರೀಕ್ಷೆಗೆ ಅಷ್ಟು ತಾಕತ್ತಿಲ್ಲ.

ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವನು. ಕೆಲಸಕ್ಕೆಂದು ಜರ್ಮನಿಗೆ ಬಂದಮೇಲೆ ಈ ಪದಕಗಳ ಪರಿಚಯವಾಯಿತು. ಎಲ್ಲರೂ ಲೋಹ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ನೇಯ್ಗೆಯ ಮೇಲೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಟಾರ್ಚಿನ ವಿಷಯ ಮುಗಿಸಿಬಿಡೋಣ. ಇವತ್ತಿನ ಬಿಳಿ ಶರ್ಟನ್ನು ಕತ್ತಲಲ್ಲಿ ಯುವಿ ಬೆಳಕಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತದಲ್ಲ, ಅದಕ್ಕೆ ಕಾರಣ ಬಟ್ಟೆಗೂ ಸೋಪಿನ ಪುಡಿಗೂ ಬೆರೆಸುವ ಬಿಳುಪುಕಾರಕ ರಾಸಾಯನಿಕಗಳು. ಅವು ಎಲ್ಲೆಡೆ ಬಳಕೆಗೆ ಬಂದದ್ದು ಯುದ್ಧ ಮುಗಿದಮೇಲೆ. ಆದ್ದರಿಂದ ರಿಬ್ಬನ್ ಹೊಳೆದರೆ ಅನುಮಾನ ಪಡಬೇಕು. ಆದರೆ ಪದಕ ಪಡೆದ ಸೈನಿಕನ ಹೆಂಡತಿಯೋ ಮಗಳೋ ಮುಂದೊಂದು ದಿನ ಅದನ್ನು ಸೋಪಿನ ಪುಡಿ ಹಾಕಿ ತೊಳೆದಿದ್ದರೆ ಅಸಲಿಯೂ ಹೊಳೆಯುತ್ತದೆ. ಬಿಳುಪುಕಾರಕ ಹಾಕದೆ ನಿನ್ನೆ ನೇಯ್ದ ಹತ್ತಿಯ ನಕಲಿ ಹೊಳೆಯುವುದೇ ಇಲ್ಲ.

ಇನ್ನೂ ಒಂದು ತೊಡಕಿದೆ. 1957ರ ಜುಲೈನಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿ, ಸ್ವಸ್ತಿಕ ತೆಗೆದ ರೂಪದಲ್ಲಿ ಯುದ್ಧಕಾಲದ ಪದಕಗಳನ್ನು ಧರಿಸಲು ಹಳೇ ಸೈನಿಕರಿಗೆ ಅವಕಾಶ ಕೊಟ್ಟಿತು. ಐರನ್ ಕ್ರಾಸ್‌ನ ನಡುವೆ ಸ್ವಸ್ತಿಕದ ಜಾಗಕ್ಕೆ ಓಕ್ ಎಲೆ ಬಂತು, ರಿಬ್ಬನ್ನಿನ ಬಣ್ಣ ಮಾತ್ರ ಹಾಗೆಯೇ ಉಳಿಯಿತು. ಲ್ಯೂಡೆನ್‌ಷೈಡ್‌ನ ಸ್ಟೈನ್‌ಹೌವರ್ ಉಂಡ್ ಲ್ಯೂಕ್‌ನಂಥ ಕಂಪನಿಗಳು ಯುದ್ಧಕಾಲದಲ್ಲೂ ಪದಕ ಮಾಡಿದವು, 1957ರ ಮಾದರಿಯನ್ನೂ ಮಾಡಿದವು. ಅಂದರೆ ಜರ್ಮನಿಯಲ್ಲೇ ನೇಯ್ದ, ಬಣ್ಣ ಅಗಲ ಎಲ್ಲ ಸರಿಯಿರುವ, ಆದರೆ ಯುದ್ಧ ಕಾಣದ ರಿಬ್ಬನ್ನುಗಳು ಬೇಕಾದಷ್ಟಿವೆ. ಇದಕ್ಕೆ ತಿರುಗುಮುರುಗಾಗಿ, ಯುದ್ಧಕಾಲದ ಉರುಳೆಯಿಂದ ಕತ್ತರಿಸಿದ ಅಸಲಿ ತುಂಡನ್ನು ಹೊಸದಾಗಿ ಎರಕಹೊಯ್ದ ನಕಲಿ ಕ್ರಾಸ್‌ಗೆ ಪೋಣಿಸಿ ಮಾರುವವರೂ ಇದ್ದಾರೆ. ನಿಮ್ಮ ಟಾರ್ಚಿಗೆ ಇವೆರಡೂ ಒಂದೇ.

ಹಾಗಾದರೆ ಏನು ನೋಡಬೇಕು? ಮೊದಲು ಬಣ್ಣದ ಸಾಲು. ಐರನ್ ಕ್ರಾಸ್‌ನದು ಅಂಚಿನಿಂದ ಕಪ್ಪು, ಬಿಳಿ, ನಡುವೆ ಅಗಲವಾದ ಕೆಂಪು, ಮತ್ತೆ ಬಿಳಿ, ಕಪ್ಪು. ಅದೇ ಕಾಲದ ಇನ್ನೊಂದು ಪದಕ ವಾರ್ ಮೆರಿಟ್ ಕ್ರಾಸ್‌ನದು ಇದರ ತದ್ವಿರುದ್ಧ: ಅಂಚಿಗೆ ಕೆಂಪು, ನಡುವೆ ಕಪ್ಪು. ಸಂತೆಗಳಲ್ಲಿ ಒಂದರ ರಿಬ್ಬನ್ ಇನ್ನೊಂದಕ್ಕೆ ಹಾಕಿರುವುದನ್ನು ಬಹಳ ಸಲ ಕಂಡಿದ್ದೇನೆ. ಅಗಲ ಸುಮಾರು 30 ಮಿಲಿಮೀಟರ್ ಇರಬೇಕು.

ಆಮೇಲೆ ಭೂತಗನ್ನಡಿ ಹಿಡಿದು ಹಾಸು ಹೊಕ್ಕು (ಉದ್ದದ, ಅಡ್ಡದ ಎಳೆ) ನೋಡಿ. ಪಟ್ಟೆಗಳು ಹಾಸಿನ ಎಳೆಗಳಲ್ಲೇ ಇರುತ್ತವೆ. ಮುಂದೆಯೂ ಹಿಂದೆಯೂ ಅದೇ ಬಣ್ಣ, ಅದೇ ಗೆರೆ ಕಾಣಬೇಕು. ಹಿಂಬದಿ ಮಸುಕಾಗಿದ್ದರೆ ಅದು ಅಚ್ಚು ಹಾಕಿದ್ದು, ಮುಟ್ಟಲೇಬೇಡಿ. ಕತ್ತರಿಸಿದ ತುದಿಯಿಂದ ಸೂಜಿಯಲ್ಲಿ ಒಂದೇ ಒಂದು ಎಳೆ ಬಿಡಿಸಿ ಸುಡುವುದು ನಮ್ಮ ಕಡೆ ನೇಕಾರರು ರೇಷ್ಮೆಗೆ ಮಾಡುವ ಪರೀಕ್ಷೆಯೇ. ಹತ್ತಿ, ರೇಯಾನ್ ಆದರೆ ಕಾಗದ ಸುಟ್ಟ ವಾಸನೆ, ಹಗುರ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಪಾಲಿಯೆಸ್ಟರ್ ನೂಲನ್ನು ಬ್ರಿಟನ್ನಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ, ಬಟ್ಟೆಯಾಗಿ ಅಂಗಡಿಗೆ ಬಂದದ್ದು ಯುದ್ಧವಾದ ಮೇಲೆ. ಈ ಪರೀಕ್ಷೆ ಕೊಂಡಮೇಲೆ, ನಿಮ್ಮದೇ ವಸ್ತುವಿನ ಮೇಲೆ ಮಾತ್ರ.

ನನ್ನದೇ ಅನುಭವ ಹೇಳುತ್ತೇನೆ. ಈಸ್ಟರ್ನ್ ಫ್ರಂಟ್ ಮೆಡಲ್ ಅಂತ ಒಂದಿದೆ, 1941-42ರ ಚಳಿಗಾಲದಲ್ಲಿ ರಷ್ಯಾದಲ್ಲಿ ಹೋರಾಡಿದವರಿಗೆ ಕೊಟ್ಟದ್ದು. ಕೆಂಪು ರಿಬ್ಬನ್ನಿನ ನಡುವೆ ಬಿಳಿ, ಕಪ್ಪು, ಬಿಳಿ ಗೆರೆ. ಹಿಮಗಡಿತದಲ್ಲಿ ಬೆರಳು ಕಳೆದುಕೊಂಡ ಸೈನಿಕರು ಅದನ್ನು "ಹೆಪ್ಪುಗಟ್ಟಿದ ಮಾಂಸದ ಪದಕ" ಅಂತ ಕರೆಯುತ್ತಿದ್ದರು. "ಮೂಲ ರಿಬ್ಬನ್ ಇದೆ" ಅಂತ ಒಬ್ಬ ವ್ಯಾಪಾರಿ ಹೆಚ್ಚು ಹಣ ಕೇಳಿದ, ಕೊಟ್ಟೆ. ಮನೆಗೆ ಬಂದು ಎಳೆ ಸುಟ್ಟರೆ ಸರ್ರನೆ ಮುದುಡಿ ಸಾಸಿವೆಯಷ್ಟು ಕರಿ ಮಣಿಯಾಯಿತು. ಸಿಟ್ಟಿನಲ್ಲಿ ಪದಕವನ್ನೇ ಎಸೆಯಲು ಹೊರಟಿದ್ದೆ. ಲೋಹ ಬಲ್ಲ ಹಿರಿಯರೊಬ್ಬರು ಸಾವಧಾನವಾಗಿ ನೋಡಿ, ಪದಕ ಅಸಲಿಯೇ, ರಿಬ್ಬನ್ ಮಾತ್ರ ಆಮೇಲೆ ಹಾಕಿದ್ದು ಅಂದರು. ಐರನ್ ಕ್ರಾಸ್ ಕೂಡ ಹಾಗೆಯೇ. ಕ್ರಾಸನ್ನು ಎದೆಗೆ ತೂಗುಹಾಕಿಕೊಳ್ಳುತ್ತಿದ್ದದ್ದು ಪ್ರದಾನದ ದಿನ, ಆಮೇಲೆ ಕೋಟಿನ ಎರಡನೇ ಗುಂಡಿಯ ಕಾಜದಲ್ಲಿ ಬರೀ ರಿಬ್ಬನ್ ಸಿಕ್ಕಿಸುತ್ತಿದ್ದರು. ಅದು ಸವೆದು ಹರಿಯುತ್ತಿತ್ತು, ಬದಲಾಗುತ್ತಿತ್ತು.

ನಾನು ಅತಿ ಹೆಚ್ಚು ಬೆಲೆ ಕೊಡುವುದು ರಿಬ್ಬನ್ ಪೋಣಿಸುವ ಉಂಗುರದ ಕೆಳಗಿನ ಜಾಗಕ್ಕೆ. ದಶಕಗಳ ಕಾಲ ಒಂದೇ ಕಡೆ ಕೂತ ಉಂಗುರ ಎಳೆಗಳನ್ನು ಚಪ್ಪಟೆಯಾಗಿ ಒತ್ತಿರುತ್ತದೆ, ಲೋಹದ ಕರೆ ಹಿಡಿದಿರುತ್ತದೆ. ಬೆಳಕು ಬೀಳುವಂತೆ ಇಟ್ಟದ್ದಾದರೆ, ಉಂಗುರವನ್ನು ಮೆಲ್ಲಗೆ ಸರಿಸಿದಾಗ ಕೆಳಗೆ ಕೆಂಪು ಬಣ್ಣ ಇನ್ನೂ ಗಾಢವಾಗಿ ಉಳಿದಿರುತ್ತದೆ. ಚಹಾದಲ್ಲಿ ಅದ್ದಿ ಹಳೆಯದು ಮಾಡಿದ ರಿಬ್ಬನ್ ಮಡಿಕೆಯ ಒಳಗೂ ಹೊರಗೂ ಒಂದೇ ಕಂದು. ನಿಜವಾದ ಕೊಳೆ ನೇಯ್ಗೆಯ ಏಣುಗಳ ಸಂದಿನಲ್ಲಿ ಕೂತಿರುತ್ತದೆ. ರಿಬ್ಬನ್ನೂ ಪದಕವೂ ಜೊತೆಯಾಗಿ ಬಾಳಿವೆಯೇ ಅನ್ನುವುದನ್ನು ಈ ಜಾಗವೊಂದೇ ಹೇಳಬಲ್ಲದು.

ಕ್ರಾಸ್ ಅಸಲಿಯೋ ಅಲ್ಲವೋ ಅನ್ನುವುದನ್ನು ಮಾತ್ರ ಲೋಹದಿಂದಲೇ ತೀರ್ಮಾನಿಸಬೇಕು: ಸಾಮಾನ್ಯವಾಗಿ ನಡುವೆ ಕಬ್ಬಿಣದ ತಿರುಳು, ಸುತ್ತ ಎರಡು ಹೋಳಿನ ಚೌಕಟ್ಟು, ಅಂಚಿನಲ್ಲಿ ಬೆಸುಗೆಯ ಗೆರೆ. ಉಂಗುರದ ಮೇಲೆ 4 ಅಂತ ಇದ್ದರೆ ಅದು ಮೇಲೆ ಹೇಳಿದ ಲ್ಯೂಡೆನ್‌ಷೈಡ್ ಕಂಪನಿಯ ಸಂಖ್ಯೆ. ಆದರೆ ನಕಲಿಯವರೂ ಸಂಖ್ಯೆ ಒತ್ತುತ್ತಾರೆ.

ಇವು ಯಾವ ಆಳ್ವಿಕೆಯ ಪದಕಗಳು ಅನ್ನುವುದನ್ನು ನಾನು ಒಂದು ಕ್ಷಣವೂ ಮರೆಯುವುದಿಲ್ಲ. ಆ ಕಾಲಕ್ಕೆ ಸಾಕ್ಷಿಯಾಗಿ ಉಳಿದ ವಸ್ತುಗಳ ಜೊತೆ ಸುಳ್ಳು ಸಾಕ್ಷಿ ಬೆರೆಯಬಾರದು ಅನ್ನುವುದೇ ನನ್ನ ಕಳಕಳಿ. ಹಾಗಾಗಿ ಕೊಂಡರೆ ದಯವಿಟ್ಟು ರಿಬ್ಬನ್ ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಬದಲಿಸಲೂ ಬೇಡಿ. ಮುಂದಿನ ಸಂತೆಗೆ ಹೋದಾಗ ಮಾರುವವನನ್ನು ಕೇಳಿ ಉಂಗುರ ಸರಿಸಿ ಒಂದು ಫೋಟೊ, ಕ್ರಾಸ್‌ನ ಅಂಚಿನದು ಒಂದು, ರಿಬ್ಬನ್ನಿನ ಹಿಂಬದಿಯದು ಒಂದು, ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.